ನಾಲ್ಕು ದೇಶ, ಒಂದೇ ಲೈನ್, ಕಟ್ಟದ ಬಿಲ್ಲು: ಪಶ್ಚಿಮ ಆಫ್ರಿಕಾದ ಸಿಎಲ್‌ಎಸ್‌ಜಿ ಪ್ರಕರಣ

2024ರ ಏಪ್ರಿಲ್‌ನಲ್ಲಿ ಸಿಯೆರಾ ಲಿಯೋನ್ ದೇಶದ ರಾಜಧಾನಿ ಫ್ರೀಟೌನ್ ವಾರಗಟ್ಟಲೆ ಕತ್ತಲಲ್ಲಿ ಕಳೆಯಿತು. ಲೈನ್ ಕಡಿದು ಬಿದ್ದಿರಲಿಲ್ಲ. ಯಾರೂ ಟವರ್ ಉರುಳಿಸಿರಲಿಲ್ಲ. ಐವರಿ ಕೋಸ್ಟ್‌ನಿಂದ ಲೈಬೀರಿಯಾ ದಾಟಿ ಬರುವ, ಸಿಎಲ್‌ಎಸ್‌ಜಿ ಎಂಬ ಹೊಸ 225 ಕೆವಿ (ಕಿಲೋವೋಲ್ಟ್) ಲೈನ್ ಗಟ್ಟಿಮುಟ್ಟಾಗಿಯೇ ಇತ್ತು. ಬಿಲ್ಲು ಕಟ್ಟಿರಲಿಲ್ಲ, ಅದಕ್ಕೇ ಪೂರೈಕೆ ನಿಂತಿತ್ತು. ಏಪ್ರಿಲ್ 26ಕ್ಕೆ ಇಂಧನ ಸಚಿವ ಕಾಂಜಾ ಸೇಸೇ ರಾಜೀನಾಮೆ ಕೊಟ್ಟರು, ಅಧ್ಯಕ್ಷ ಜೂಲಿಯಸ್ ಮಾಡಾ ಬಿಯೋ ಇಲಾಖೆಯನ್ನು ತಮ್ಮ ಉಸ್ತುವಾರಿಗೆ ತಗೊಂಡರು. ಲೈನ್ ಕಂಪನಿಗೂ, ಫ್ರೀಟೌನ್ ಬಂದರಿನಲ್ಲಿ ಹಡಗಿನ ಮೇಲೆ ಕರೆಂಟ್ ಉತ್ಪಾದಿಸುವ ಟರ್ಕಿಯ ಕಾರ್‌ಪವರ್‌ಶಿಪ್ ಕಂಪನಿಗೂ ಸೇರಿಸಿ 1.85 ಕೋಟಿ ಡಾಲರ್ ಕಟ್ಟಿದ್ದೇವೆ ಎಂದು ಸರ್ಕಾರ ಹೇಳಿತು.

ಬಡ ದೇಶ, ಕೆಟ್ಟ ಆಡಳಿತ, ಬಾಕಿ ಉಳಿಸಿಕೊಂಡರು ಅಂತ ಸುಮ್ನೆ ಹೇಳಿ ಮುಗಿಸಿಬಿಡಬಹುದು. ಆದರೆ ಆ ಲೈನ್ ಹೇಗೆ ಬಂತು, ಅದರ ಮೇಲೆ ಹಣ ಹೇಗೆ ಓಡಾಡುತ್ತದೆ ಅಂತ ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಯುದ್ಧದಿಂದ ಎದ್ದು ಬಂದ ದೇಶಗಳ ನಡುವೆ ಹೈಟೆನ್ಷನ್ ಲೈನ್ ಎಳೆಯುವುದು ಕಷ್ಟ, ಆದರೂ ಆಗುತ್ತದೆ, ಇಲ್ಲಿ ಆಯಿತು ಕೂಡ. ಆಗದೇ ಉಳಿದದ್ದು ಲೈನಿನ ಕೊನೆಯ ಕೆಲಸ, ಅಂದರೆ ಮನೆ ಮುಂದಿನ ಮೀಟರ್ ಮತ್ತು ಆ ಮೀಟರಿನ ದುಡ್ಡು. ಅದಿಲ್ಲದೆ ದೇಶ ದೇಶಗಳ ನಡುವಿನ ಕರೆಂಟ್ ವ್ಯಾಪಾರ ಒಂದು ದೇಶದ ಕಷ್ಟವನ್ನು ಪಕ್ಕದ ದೇಶದ ಮೇಲೂ ಹೊರಿಸುತ್ತದೆ.

ಯುದ್ಧ ಬಂದ ದಾರಿ

ಸಿಎಲ್‌ಎಸ್‌ಜಿ ಅಂದರೆ ಐವರಿ ಕೋಸ್ಟ್ (ಫ್ರೆಂಚ್‌ನಲ್ಲಿ ಕೋಟ್ ಡಿವಾರ್), ಲೈಬೀರಿಯಾ, ಸಿಯೆರಾ ಲಿಯೋನ್, ಗಿನಿ, ಈ ನಾಲ್ಕರ ಮೊದಲಕ್ಷರಗಳು. ಲೈನಿನ ಉದ್ದ 1,303 ಕಿಲೋಮೀಟರ್. ಐವರಿ ಕೋಸ್ಟ್‌ನ ಪಶ್ಚಿಮದ ಮಾನ್ ಪಟ್ಟಣದಲ್ಲಿ ಶುರುವಾಗಿ ಲೈಬೀರಿಯಾದ ಯೆಕೆಪಾ, ಬ್ಯುಕ್ಯಾನನ್, ಮನ್ರೋವಿಯಾ, ಮಾನೋ ಸಬ್‌ಸ್ಟೇಷನ್‌ಗಳನ್ನು ಮುಟ್ಟಿ, ಸಿಯೆರಾ ಲಿಯೋನ್‌ನ ಕೆನೆಮಾ, ಬಿಕೊಂಗೋರ್, ಬುಂಬುನಾ, ಕಮಕ್ವಿ ದಾಟಿ ಗಿನಿಯ ಲಿನ್‌ಸಾನ್ ತಲುಪುತ್ತದೆ. ಯೆಕೆಪಾದಿಂದ ಒಂದು ಕವಲು ಗಿನಿಯ ನ್ಜೆರೆಕೊರೆಗೆ ಹೋಗುತ್ತದೆ.

ಈ ಊರುಗಳ ಹೆಸರನ್ನು ನಕ್ಷೆಯ ಮೇಲೆ ಇಟ್ಟು ನೋಡಿ. 1989ರ ಡಿಸೆಂಬರ್‌ನಲ್ಲಿ ಚಾರ್ಲ್ಸ್ ಟೇಲರ್‌ನ ಬಂಡುಕೋರರು ಐವರಿ ಕೋಸ್ಟ್‌ನಿಂದ ಗಡಿ ದಾಟಿ ಲೈಬೀರಿಯಾದ ನಿಂಬಾ ಪ್ರಾಂತ್ಯಕ್ಕೆ ನುಗ್ಗಿದ್ದರು. ಇವತ್ತು ಲೈನ್ ಲೈಬೀರಿಯಾವನ್ನು ಹೊಕ್ಕುವುದೂ ಅದೇ ನಿಂಬಾದಲ್ಲಿ. 1991ರ ಮಾರ್ಚ್‌ನಲ್ಲಿ ಲೈಬೀರಿಯಾದ ಕಡೆಯಿಂದಲೇ ಸಿಯೆರಾ ಲಿಯೋನ್‌ಗೆ ಯುದ್ಧ ಹಬ್ಬಿತು, 2002ರವರೆಗೆ ನಡೆಯಿತು. ಕೆನೆಮಾ ಮತ್ತು ಕೋನೋ ಜಿಲ್ಲೆಗಳು ವಜ್ರದ ನೆಲ, ಆ ಯುದ್ಧಕ್ಕೆ ದುಡ್ಡು ಹುಟ್ಟಿದ್ದು ಅಲ್ಲಿ. ಐವರಿ ಕೋಸ್ಟ್ ತಾನೇ 2002ರಲ್ಲಿ ಎರಡು ಹೋಳಾಯಿತು, 2010-11ರಲ್ಲಿ ಮತ್ತೆ ಹೊತ್ತಿ ಉರಿಯಿತು. ಗಿನಿಯಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಒಬ್ಬರ ಬಂಡುಕೋರರಿಗೆ ಇನ್ನೊಬ್ಬರು ನೆಲೆ ಕೊಟ್ಟಿದ್ದ ದೇಶಗಳು ಇವು. ಇಂಥವರು ಕೂತು, ಒಂದೇ ಲೈನಿಗೆ ನಾಲ್ಕೂ ದೇಶ ನೇತುಹಾಕಿಕೊಳ್ಳೋಣ ಅಂತ 2012ರಲ್ಲಿ ಒಪ್ಪಂದ ಮಾಡಿಕೊಂಡರು. ಇದನ್ನು ಸಣ್ಣ ವಿಷಯ ಅಂತ ಯಾರೂ ತಳ್ಳಿಹಾಕಬಾರದು.

ಇದರ ಹಿಂದೆ ಇನ್ನೂ ದೊಡ್ಡ ಯೋಜನೆಯೊಂದಿದೆ. ಪಶ್ಚಿಮ ಆಫ್ರಿಕಾದ ದೇಶಗಳ ಒಕ್ಕೂಟ ಎಕೋವಾಸ್ 1999ರಲ್ಲೇ ಪಶ್ಚಿಮ ಆಫ್ರಿಕಾ ಪವರ್ ಪೂಲ್ ಕಟ್ಟಲು ತೀರ್ಮಾನಿಸಿತ್ತು. ಅದರ ಕಚೇರಿ ಬೆನಿನ್‌ನ ಕೊಟೊನೂನಲ್ಲಿದೆ, ದರ ಮತ್ತು ನಿಯಮ ನೋಡಿಕೊಳ್ಳುವ ಪ್ರಾದೇಶಿಕ ನಿಯಂತ್ರಕ ಸಂಸ್ಥೆ ಘಾನಾದ ಅಕ್ರಾದಲ್ಲಿದೆ. ಎಲ್ಲೋ ಅಗ್ಗವಾಗಿ ಉತ್ಪಾದನೆಯಾದ ಕರೆಂಟ್ ಬೇಕಾದ ಕಡೆಗೆ ಹರಿಯಲಿ ಅನ್ನುವ ಆಲೋಚನೆ.

ಅಷ್ಟು ದೂರದಿಂದ ಯಾಕೆ ತರಬೇಕಿತ್ತು?

ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ಹತ್ತಿರ ಸೇಂಟ್ ಪಾಲ್ ನದಿಗೆ ಮೌಂಟ್ ಕಾಫಿ ಅಂತ ಒಂದು ಜಲವಿದ್ಯುತ್ ಸ್ಥಾವರ ಇದೆ. 1966ರದ್ದು, ಯುದ್ಧಕ್ಕೆ ಮುಂಚೆ 64 ಮೆಗಾವ್ಯಾಟ್. 1990ರಲ್ಲಿ ಯುದ್ಧ ಹತ್ತಿರ ಬಂದಾಗ ಸಿಬ್ಬಂದಿ ಜೀವ ಉಳಿಸಿಕೊಳ್ಳಲು ಓಡಬೇಕಾಯಿತು. ಮಳೆಗಾಲ. ಗೇಟು ಎತ್ತುವವರು ಯಾರೂ ಇಲ್ಲ. ನೀರು ಏರಿ, ಕಟ್ಟೆಯ ಮೇಲಿಂದ ಹರಿದು, ಅಣೆಕಟ್ಟು ಒಂದು ಕಡೆ ಒಡೆದೇ ಹೋಯಿತು. ಆಮೇಲೆ ಉಳಿದ ಯಂತ್ರ, ತಂತಿ, ತಾಮ್ರ ಎಲ್ಲವನ್ನೂ ಕಿತ್ತು ಮಾರಿಕೊಂಡರು. ಒಂದು ರಾಜಧಾನಿಯ ಇಡೀ ವಿದ್ಯುತ್ ವ್ಯವಸ್ಥೆ ಹೀಗೆ ಮಾಯವಾಯಿತು. 2006ರ ಜುಲೈ 26ಕ್ಕೆ, ಸ್ವಾತಂತ್ರ್ಯ ದಿನದಂದು, ಹೊಸ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಮನ್ರೋವಿಯಾದ ಕೆಲವು ಬೀದಿ ದೀಪ ಹೊತ್ತಿಸಿದಾಗ ಅದು ಇಡೀ ದೇಶಕ್ಕೆ ಸುದ್ದಿಯಾಗಿತ್ತು. ಮೌಂಟ್ ಕಾಫಿಯ ಮೊದಲ ಟರ್ಬೈನ್ ಮತ್ತೆ ತಿರುಗಿದ್ದು 2016ರ ಡಿಸೆಂಬರ್‌ನಲ್ಲಿ. ಈಗ ಅದರ ಸಾಮರ್ಥ್ಯ 88 ಮೆಗಾವ್ಯಾಟ್.

ಆದರೆ 88 ಅನ್ನುವುದು ಮಳೆಗಾಲದ ಮಾತು. ಅಲ್ಲಿ ನೀರು ಕೂಡಿಡುವ ದೊಡ್ಡ ಜಲಾಶಯ ಇಲ್ಲ, ನದಿ ಹರಿದಷ್ಟೇ ಕರೆಂಟ್. ಡಿಸೆಂಬರ್ ಬಂದರೆ ನದಿ ಸೊರಗುತ್ತದೆ, ಏಪ್ರಿಲ್‌ವರೆಗೂ ಉತ್ಪಾದನೆ ತಳ ಹಿಡಿದಿರುತ್ತದೆ. ಆಗ ಬುಷ್‌ರಾಡ್ ದ್ವೀಪದ ಎಣ್ಣೆ ಸುಡುವ ಸ್ಥಾವರಗಳೇ ಗತಿ, ಅದು ಬಹಳ ದುಬಾರಿ.

ಸಿಯೆರಾ ಲಿಯೋನ್‌ನ ಬುಂಬುನಾದ್ದೂ ಇದೇ ಕಥೆ. ಯುದ್ಧದಿಂದ ಕೆಲಸ ಅರ್ಧಕ್ಕೇ ನಿಂತಿದ್ದ ಆ ಅಣೆಕಟ್ಟು ಕೊನೆಗೂ ಶುರುವಾದದ್ದು 2009ರಲ್ಲಿ, 50 ಮೆಗಾವ್ಯಾಟ್. ಬೇಸಿಗೆಯಲ್ಲಿ ಅದೂ ಕುಸಿಯುತ್ತದೆ. ಫ್ರೀಟೌನ್ ಜನ ಇಷ್ಟು ವರ್ಷ ಹೇಗೆ ಬದುಕಿದರು ಅಂದರೆ, ಮನೆಗೊಂದು ಅಂಗಡಿಗೊಂದು ಚಿಕ್ಕ ಜನರೇಟರ್ ಇಟ್ಟುಕೊಂಡು. ಟೈಗರ್ ಬ್ರ್ಯಾಂಡಿನ ಆ ಪುಟ್ಟ ಯಂತ್ರಗಳಿಗೆ ಅಧ್ಯಕ್ಷ ಕಬ್ಬಾ ಕಾಲದಲ್ಲಿ 'ಕಬ್ಬಾ ಟೈಗರ್' ಅಂತಲೇ ಹೆಸರು ಬಿದ್ದಿತ್ತು. ಹೊಗೆ, ಸದ್ದು, ಪೆಟ್ರೋಲ್ ಖರ್ಚು. ಗ್ರಿಡ್ ಕರೆಂಟ್ ದುಬಾರಿ ಅಂತ ಹೊರಗಿನವರು ಹೇಳುವಾಗ ಇದನ್ನು ಮರೆಯುತ್ತಾರೆ. ಅಲ್ಲಿನ ಟೈಲರ್, ವೆಲ್ಡರ್, ಮೀನು ಫ್ರೀಜರ್ ಇಟ್ಟವರಿಗೆ ಗ್ರಿಡ್ಡಿಗಿಂತ ಜನರೇಟರ್ ಎಷ್ಟೋ ಪಟ್ಟು ದುಬಾರಿ. ಎರಡೂ ದೇಶಗಳಲ್ಲಿ ಇವತ್ತಿಗೂ ಸುಮಾರು ಮೂರನೇ ಒಂದು ಪಾಲು ಜನಕ್ಕೆ ಮಾತ್ರ ಕರೆಂಟ್ ಮುಟ್ಟಿದೆ.

ಐವರಿ ಕೋಸ್ಟ್ ಸ್ಥಿತಿ ಬೇರೆ. ಅದಕ್ಕೆ ಸಮುದ್ರದಾಳದ ಅನಿಲ ಇದೆ, ಅಬಿಜಾನ್ ಸುತ್ತ ಅಜಿಟೋ, ಸಿಪ್ರೆಲ್ ಎಂಬ ಅನಿಲ ಸ್ಥಾವರಗಳಿವೆ, 2017ರಲ್ಲಿ ಶುರುವಾದ 275 ಮೆಗಾವ್ಯಾಟಿನ ಸುಬ್ರೆ ಅಣೆಕಟ್ಟು ಇದೆ. ಘಾನಾ, ಬುರ್ಕಿನಾ ಫಾಸೊ, ಮಾಲಿಗಳಿಗೆ ಕರೆಂಟ್ ಮಾರಿ ಅಭ್ಯಾಸ ಇದೆ. ಅನಿಲಕ್ಕೆ ಬೇಸಿಗೆ, ಮಳೆಗಾಲ ಎಂಬ ಭೇದ ಇಲ್ಲ, ಅಲ್ವಾ? ಹಾಗಾಗಿ ಲೈಬೀರಿಯಾ, ಸಿಯೆರಾ ಲಿಯೋನ್‌ಗಳ ಬೇಸಿಗೆಯ ಕೊರತೆ ತುಂಬಲು ಇದೇ ಸರಿಯಾದ ಮೂಲ. ಗಿನಿಯ ಲೆಕ್ಕ ತಿರುವು ಮುರುವು. ಅದಕ್ಕೆ ಕೊಂಕುರೆ ನದಿಯ ಮೇಲೆ ಕಲೆಟಾ 240, ಸುವಾಪಿಟಿ 450 ಮೆಗಾವ್ಯಾಟಿನ ಅಣೆಕಟ್ಟುಗಳಿವೆ. ಮಳೆಗಾಲದಲ್ಲಿ ಗಿನಿ ಮಾರಲಿ, ಬೇಸಿಗೆಯಲ್ಲಿ ಐವರಿ ಕೋಸ್ಟ್ ಮಾರಲಿ, ನಡುವಿನ ಇಬ್ಬರು ಎರಡೂ ಕಡೆಯಿಂದ ಕೊಳ್ಳಲಿ. ಕಾಗದದ ಮೇಲೆ ಇದು ನಿಜಕ್ಕೂ ಚೆನ್ನಾದ ಜೋಡಣೆ, ನಾನು ಅದನ್ನು ಈಗಲೂ ಒಪ್ಪುತ್ತೇನೆ.

ಒಂದು ತೊಡಕಿದೆ. ಈ ನಾಲ್ಕೂ ದೇಶಗಳಲ್ಲಿ ಬೇಸಿಗೆ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತದೆ. ಎಲ್ಲರ ಅಣೆಕಟ್ಟೂ ಒಟ್ಟಿಗೇ ಸೊರಗುತ್ತವೆ. ಆಗ ಇಡೀ ಭಾರ ಐವರಿ ಕೋಸ್ಟ್‌ನ ಅನಿಲ ಸ್ಥಾವರಗಳ ಮೇಲೆ ಬೀಳುತ್ತದೆ. 2021ರಲ್ಲಿ ಬರವೂ ಬಂತು, ಅಜಿಟೋ ಸ್ಥಾವರವೂ ಕೆಟ್ಟಿತು. ಐವರಿ ಕೋಸ್ಟ್ ತನ್ನ ಜನಕ್ಕೇ ಲೋಡ್ ಶೆಡ್ಡಿಂಗ್ ಹಾಕಿ, ಬುರ್ಕಿನಾ ಮತ್ತು ಮಾಲಿಗೆ ಕಳಿಸುವ ಕರೆಂಟ್ ಕಡಿಮೆ ಮಾಡಬೇಕಾಯಿತು.

ಲೈನ್ ಕಟ್ಟಿದ ಬಗೆ

ದುಡ್ಡು ಕೊಟ್ಟವರು ವಿಶ್ವ ಬ್ಯಾಂಕ್, ಆಫ್ರಿಕನ್ ಅಭಿವೃದ್ಧಿ ಬ್ಯಾಂಕ್, ಯುರೋಪಿಯನ್ ಹೂಡಿಕೆ ಬ್ಯಾಂಕ್, ಜರ್ಮನಿಯ ಕೆಎಫ್‌ಡಬ್ಲ್ಯು. ಒಟ್ಟು 50 ಕೋಟಿ ಡಾಲರಿಗೂ ಮೇಲೆ. ನಾಲ್ಕು ದೇಶಗಳ ನಾಲ್ಕು ಕಂಪನಿಗಳು ತಮ್ಮ ತಮ್ಮ ತುಂಡು ಕಟ್ಟಿಕೊಂಡು ಗಡಿಯಲ್ಲಿ ಜೋಡಿಸುವ ಬದಲು, ಇಡೀ ಲೈನಿಗೆ ಟ್ರಾನ್ಸ್‌ಕೋ ಸಿಎಲ್‌ಎಸ್‌ಜಿ ಅಂತ ಒಂದೇ ಕಂಪನಿ ಮಾಡಿದರು. ಕಚೇರಿ ಅಬಿಜಾನ್‌ನಲ್ಲಿ, ನಾಲ್ಕೂ ದೇಶಗಳ ಸರ್ಕಾರಿ ವಿದ್ಯುತ್ ಸಂಸ್ಥೆಗಳು ಅದರ ಪಾಲುದಾರರು. ಕಟ್ಟುವುದು, ನೋಡಿಕೊಳ್ಳುವುದು, ಸಾಗಣೆ ಶುಲ್ಕ ವಸೂಲಿ ಎಲ್ಲ ಇದರದ್ದೇ.

ಇದು ಜಾಣತನದ ಏರ್ಪಾಡು. ಲೈಬೀರಿಯಾದ ಕಾಡಿನ ನಡುವೆ ಒಂದು ಇನ್ಸುಲೇಟರ್ ಒಡೆದರೆ ಯಾವ ದೇಶದವರು ಹೋಗಬೇಕು, ಯಾರು ಖರ್ಚು ಕೊಡಬೇಕು ಅನ್ನುವ ಜಗಳವೇ ಹುಟ್ಟುವುದಿಲ್ಲ.

2014ರಲ್ಲಿ ಎಬೋಲಾ ಬಂತು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್, ಅಂದರೆ ನಾಲ್ಕರಲ್ಲಿ ಮೂರು ದೇಶಗಳೂ ಅದರ ಬಾಯಿಗೇ ಸಿಕ್ಕಿಕೊಂಡವು. 11,000ಕ್ಕೂ ಹೆಚ್ಚು ಜನ ಸತ್ತರು. ಗಡಿಗಳು ಮುಚ್ಚಿದವು, ಲೈನಿನ ಕೆಲಸ ವರ್ಷಗಟ್ಟಲೆ ಹಿಂದೆ ಬಿತ್ತು. ಅದೇ ಹೊತ್ತಿಗೆ ಕಬ್ಬಿಣದ ಅದಿರಿನ ಬೆಲೆ ನೆಲಕಚ್ಚಿತು. ಅದಿರಿಗೂ ಲೈನಿಗೂ ಏನು ಸಂಬಂಧ ಅಂದರೆ, ದೊಡ್ಡ ಗಿರಾಕಿಗಳಾಗಿ ಗಣಿಗಳು ಬರುತ್ತವೆ ಎಂಬ ಲೆಕ್ಕದ ಮೇಲೆ ಇಂಥ ಲೈನುಗಳ ಯೋಜನೆ ನಿಂತಿರುತ್ತದೆ. ಯೆಕೆಪಾದಿಂದ ಬ್ಯುಕ್ಯಾನನ್ ಬಂದರಿಗೆ ಅದಿರು ಸಾಗಿಸುವ ರೈಲು ಇದೆ, ಲೈನೂ ಆ ಎರಡು ಊರನ್ನು ಮುಟ್ಟುತ್ತದೆ. ಬುಂಬುನಾದ ಹತ್ತಿರವೇ ಟೊಂಕೊಲಿಲಿ ಕಬ್ಬಿಣದ ಗಣಿ. ಅದನ್ನು ನಡೆಸುತ್ತಿದ್ದ ಆಫ್ರಿಕನ್ ಮಿನರಲ್ಸ್ ಕಂಪನಿ 2015ರಲ್ಲಿ ಮುಳುಗಿತು. ತಿಂಗಳು ತಿಂಗಳು ತಪ್ಪದೆ ಡಾಲರಿನಲ್ಲೇ ಬಿಲ್ಲು ಕಟ್ಟಬಲ್ಲ ಗಿರಾಕಿ ಹೀಗೆ ಕೈತಪ್ಪಿದ.

ಕೊನೆಗೂ 2021ರ ಕೊನೆಯಿಂದ ಲೈನಿಗೆ ಹಂತ ಹಂತವಾಗಿ ಕರೆಂಟ್ ಬಂತು. ಗಿನಿಯ ಭಾಗ ಎಲ್ಲಕ್ಕಿಂತ ತಡ. ಐವರಿ ಕೋಸ್ಟ್ ಜೊತೆ ಲೈಬೀರಿಯಾಗೂ ಸಿಯೆರಾ ಲಿಯೋನ್‌ಗೂ ತಲಾ 27 ಮೆಗಾವ್ಯಾಟಿನ ಒಪ್ಪಂದ. ಅಲ್ಲಿಯವರೆಗೆ ಗೋಮಾದ ಪುಟ್ಟ ಜಲವಿದ್ಯುತ್ ಘಟಕವನ್ನು ನೆಚ್ಚಿಕೊಂಡಿದ್ದ ಬೋ, ಕೆನೆಮಾ ಪಟ್ಟಣಗಳಿಗೆ ಇದು ದೊಡ್ಡ ಬದಲಾವಣೆ. ಫ್ರೀಟೌನ್‌ಗೆ ಬರುವ ದಾರಿ ಸ್ವಲ್ಪ ಸುತ್ತು. 225 ಕೆವಿ ಲೈನ್ ನಗರಕ್ಕೆ ಹೋಗುವುದಿಲ್ಲ. ಬುಂಬುನಾದಲ್ಲಿ 161 ಕೆವಿಗೆ ಇಳಿಸಿ, ಅಣೆಕಟ್ಟಿನ ಹಳೇ ಲೈನಿನಲ್ಲೇ ಸುಮಾರು 200 ಕಿಲೋಮೀಟರ್ ದೂರದ ನಗರಕ್ಕೆ ಕಳಿಸುತ್ತಾರೆ. ಆ ಹಳೇ ಲೈನಿನಲ್ಲಿ ತೊಂದರೆಯಾದರೆ ಅಬಿಜಾನ್‌ನ ಕರೆಂಟೂ ಬುಂಬುನಾದ ಕರೆಂಟೂ ಒಟ್ಟಿಗೇ ಹೋಗುತ್ತವೆ.

ಲೈನಿನ ಸ್ವಭಾವದ ಬಗ್ಗೆ ಒಂದು ಮಾತು, ಮುಂದಿನ ಲೆಕ್ಕಕ್ಕೆ ಬೇಕಾಗುತ್ತದೆ. ಇಷ್ಟು ಉದ್ದದ ಲೈನಿನಲ್ಲಿ ಲೋಡು ಕಡಿಮೆ ಇದ್ದರೆ ಕೊನೆಯ ತುದಿಯಲ್ಲಿ ವೋಲ್ಟೇಜ್ ಇಳಿಯುವ ಬದಲು ಏರುತ್ತದೆ. ಅದನ್ನು ಹಿಡಿದಿಡಲು ಸಬ್‌ಸ್ಟೇಷನ್‌ಗಳಲ್ಲಿ ರಿಯಾಕ್ಟರ್ (ವೋಲ್ಟೇಜ್ ತಗ್ಗಿಸುವ ದೊಡ್ಡ ತಂತಿ ಸುರುಳಿ) ಹಾಕಿಟ್ಟಿರಬೇಕು. ಮಣಿಸರದ ಹಾಗೆ ಒಂದರ ಹಿಂದೊಂದು ಸಬ್‌ಸ್ಟೇಷನ್ ಇರುವುದರಿಂದ ನಡುವೆ ಎಲ್ಲಾದರೂ ಬ್ರೇಕರ್ ಟ್ರಿಪ್ ಆದರೆ ಅದರ ಆಚೆಗಿನ ಎಲ್ಲರಿಗೂ ಕರೆಂಟ್ ಹೋಗುತ್ತದೆ. ಅಂದರೆ ಈ ಲೈನ್ ನೆಮ್ಮದಿಯಾಗಿ ಕೆಲಸ ಮಾಡಬೇಕಾದರೆ ಅದರ ಮೇಲೆ ಹೆಚ್ಚು ಕರೆಂಟ್ ಹರಿಯಬೇಕು. ದುಡ್ಡಿನ ದೃಷ್ಟಿಯಿಂದಲೂ ಅಷ್ಟೇ. 200 ಮೆಗಾವ್ಯಾಟಿಗೂ ಜಾಸ್ತಿ ಸಾಗಿಸಬಲ್ಲ ಲೈನಿನಲ್ಲಿ ಅದರ ಕಾಲುಭಾಗ ಹರಿದರೆ, ಸಾಲದ ಕಂತು, ಸಂಬಳ, ಕಾಡು ಸವರುವ ಖರ್ಚು ಎಲ್ಲವನ್ನೂ ಆ ಕಾಲುಭಾಗದ ಯೂನಿಟ್‌ಗಳೇ ಹೊರಬೇಕು. ಶುಲ್ಕ ಏರುತ್ತದೆ. ಶುಲ್ಕ ಏರಿದರೆ ಕೊಳ್ಳುವವರು ಇನ್ನೂ ಕಡಿಮೆ ಕೊಳ್ಳುತ್ತಾರೆ.

ಒಂದು ಯೂನಿಟ್ಟಿನ ದುಡ್ಡು ಹೋಗುವ ದಾರಿ

ಪ್ರಕರಣದ ತಿರುಳು ಇಲ್ಲಿದೆ.

ಫ್ರೀಟೌನ್‌ನಲ್ಲಿ ಒಬ್ಬ ಅಂಗಡಿಯವರು ದೀಪ ಹಾಕುತ್ತಾರೆ. ಬಿಲ್ಲನ್ನು ಅಲ್ಲಿನ ಕರೆನ್ಸಿಯಾದ ಲಿಯೋನ್ ನೋಟಿನಲ್ಲಿ ಕಟ್ಟುತ್ತಾರೆ. ಆ ದುಡ್ಡು ಎಡ್ಸಾ ಎಂಬ ವಿತರಣಾ ಸಂಸ್ಥೆಗೆ ಹೋಗುತ್ತದೆ, ನಮ್ಮ ಬೆಸ್ಕಾಂ, ಹೆಸ್ಕಾಂ ತರಹದ್ದು. ಅವರು ಅದರಲ್ಲಿ ಸಂಬಳ ಕೊಡಬೇಕು, ಟ್ರಾನ್ಸ್‌ಫಾರ್ಮರ್ ರಿಪೇರಿ ಮಾಡಬೇಕು, ಹಡಗಿನ ಕರೆಂಟಿಗೆ ಡಾಲರ್ ಕೊಡಬೇಕು. ಜೊತೆಗೆ ಎರಡು ಹೊರದೇಶದ ಬಿಲ್ಲು, ಐವರಿ ಕೋಸ್ಟ್‌ಗೆ ಕರೆಂಟಿನ ಬೆಲೆ, ಟ್ರಾನ್ಸ್‌ಕೋಗೆ ಸಾಗಣೆ ಶುಲ್ಕ. ಇವು ಲಿಯೋನ್‌ನಲ್ಲಿ ನಡೆಯುವುದಿಲ್ಲ.

ಲಿಯೋನ್ ಗತಿ ಏನಾಗಿತ್ತು? 2022ರ ಜುಲೈನಲ್ಲಿ ನೋಟಿನಿಂದ ಮೂರು ಸೊನ್ನೆ ತೆಗೆದು ಹೊಸ ಲಿಯೋನ್ ತಂದಿದ್ದರು. 2023ರಲ್ಲಿ ಬೆಲೆ ಏರಿಕೆ ಶೇ. 50 ದಾಟಿತು. ಗಿರಾಕಿ ಕಟ್ಟಿದ ದುಡ್ಡು ಬ್ಯಾಂಕಿಗೆ ಹೋಗಿ ಡಾಲರ್ ಆಗುವಷ್ಟರಲ್ಲಿ ಕರಗಿರುತ್ತಿತ್ತು. ಒಬ್ಬರೂ ಕದಿಯದೆ, ಎಲ್ಲರೂ ಸರಿಯಾಗಿ ಬಿಲ್ಲು ಕಟ್ಟಿದ್ದರೂ ಸಂಸ್ಥೆಗೆ ನಷ್ಟವೇ ಆಗುತ್ತಿತ್ತು. ದರ ಏರಿಸಬಹುದಿತ್ತಲ್ಲ ಅಂತ ಕೇಳಬಹುದು. ಅಕ್ಕಿ ಬೆಲೆಯೇ ಕೈಗೆಟುಕದೆ ಜನ ಬೀದಿಗಿಳಿದಿದ್ದ ಕಾಲ ಅದು.

ಲೈಬೀರಿಯಾದಲ್ಲಿ ಈ ತೊಂದರೆ ಅಷ್ಟಿಲ್ಲ. ಅಲ್ಲಿ ಅಮೆರಿಕನ್ ಡಾಲರೂ ದಿನನಿತ್ಯ ಚಲಾವಣೆಯಲ್ಲಿದೆ, ಕರೆಂಟಿನ ದರವೂ ಡಾಲರಿನಲ್ಲೇ. ಲೈಬೀರಿಯಾದ ಕಾಯಿಲೆ ಬೇರೆ, ಕರೆಂಟ್ ಕಳ್ಳತನ. ಮೌಂಟ್ ಕಾಫಿ ಮತ್ತೆ ಶುರುವಾದಾಗ ಕರೆಂಟ್ ಇತ್ತು, ಕನೆಕ್ಷನ್ ಕೊಡಲು ಮೀಟರ್ ಸಾಕಷ್ಟು ಇರಲಿಲ್ಲ. ಅರ್ಜಿ ಹಾಕಿ ಕಾದು ಕಾದು ಸುಸ್ತಾದವರು ಕಂಬದಿಂದ ನೇರ ತಂತಿ ಎಳೆದುಕೊಂಡರು. ಒಂದು ಬೀದಿಯಲ್ಲಿ ಒಬ್ಬ ಎಳೆದು ಹತ್ತು ಮನೆಗೆ ಹಂಚಿ, ಅವರಿಂದ ದುಡ್ಡು ಪಡೆಯುವ ದಂಧೆಯೂ ಬೆಳೆಯಿತು. ಅಂದರೆ ಜನ ದುಡ್ಡು ಕೊಡುತ್ತಿದ್ದರು, ಅದು ಕಂಪನಿಗೆ ತಲುಪುತ್ತಿರಲಿಲ್ಲ. ಒಂದು ಹಂತದಲ್ಲಿ ಲೈಬೀರಿಯಾ ಎಲೆಕ್ಟ್ರಿಸಿಟಿ ಕಾರ್ಪೊರೇಷನ್ ಹಂಚಿದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲೆಕ್ಕಕ್ಕೇ ಸಿಗುತ್ತಿರಲಿಲ್ಲ. 2019ರಲ್ಲಿ ಕರೆಂಟ್ ಕಳ್ಳತನಕ್ಕೆ ಜೈಲು ಶಿಕ್ಷೆಯ ಕಾನೂನು ತಂದರು. ಕಾನೂನು ಬೇಕು, ಸರಿ. ಆದರೆ ಮೀಟರ್ ಕೊಡದೆ ಜೈಲು ತೋರಿಸಿದರೆ ಏನು ಪ್ರಯೋಜನ ಅನ್ನುವುದು ನನ್ನ ಪ್ರಶ್ನೆ.

ಈಗ 27 ಮೆಗಾವ್ಯಾಟ್ ತಗೊಳ್ಳಿ. ತಿಂಗಳಿಡೀ ಪೂರ್ತಿ ಹರಿದರೆ ಸುಮಾರು 1.9 ಕೋಟಿ ಯೂನಿಟ್. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, 100 ಯೂನಿಟ್ ಬಂದರೆ 40 ದಾರಿಯಲ್ಲೇ ಸೋರಿತು ಅಥವಾ ಕಳುವಾಯಿತು. ಉಳಿದ 60ಕ್ಕೆ ಬಿಲ್ಲು ಹೋಯಿತು. ಬಿಲ್ಲು ಹೋದವರಲ್ಲಿ ಶೇ. 80 ಮಂದಿ ಕಟ್ಟಿದರು ಅಂದರೆ ದುಡ್ಡು ಬಂದದ್ದು 48 ಯೂನಿಟ್ಟಿಗೆ. ನೂರು ಯೂನಿಟ್ಟಿನ ಬೆಲೆಯನ್ನು ನಲವತ್ತೆಂಟರಿಂದ ತೆಗೆಯಬೇಕು. ಅಂದರೆ ಕೊಂಡ ಬೆಲೆಯ ಎರಡರಷ್ಟಕ್ಕೂ ಮೇಲೆ ಮಾರಬೇಕು, ಅದೂ ಸಂಬಳ, ರಿಪೇರಿ ಸೇರಿಸದೆ. ಇಂಥ ಒಪ್ಪಂದಗಳಲ್ಲಿ ಮಾಮೂಲಾಗಿ ಇನ್ನೊಂದು ಷರತ್ತೂ ಇರುತ್ತದೆ, ನೀವು ತಗೊಂಡರೂ ಬಿಟ್ಟರೂ ಇಷ್ಟಕ್ಕೆ ದುಡ್ಡು ಕಟ್ಟಲೇಬೇಕು ಅಂತ. ಮಾರುವವರ ಕಡೆಯಿಂದ ನೋಡಿದರೆ ಅದು ನ್ಯಾಯವೇ. ಅವರೂ ಸ್ಥಾವರಕ್ಕೆ ಅನಿಲ ಕೊಂಡಿರುತ್ತಾರೆ. ಆದರೆ ಅರ್ಧ ದುಡ್ಡು ವಸೂಲಾಗುವ ಸಂಸ್ಥೆ ಹೆಚ್ಚು ಕರೆಂಟ್ ತಂದಷ್ಟೂ ಹೆಚ್ಚು ಸಾಲಕ್ಕೆ ಬೀಳುತ್ತದೆ. ಹೊಸ ಲೈನ್ ಅವರ ಪೂರೈಕೆ ಹೆಚ್ಚಿಸಿತು, ಅದರ ಜೊತೆಗೇ ನಷ್ಟವನ್ನೂ ಹೆಚ್ಚಿಸಿತು.

ಸಂಕಟ ಮೊದಲು ಕಾಣಿಸಿದ್ದು ಲೈನಿನಲ್ಲಿ ಅಲ್ಲ, ಹಡಗಿನಲ್ಲಿ. 2018ರಿಂದ ಫ್ರೀಟೌನ್‌ನಲ್ಲಿ ನಿಂತಿದ್ದ ಕಾರ್‌ಪವರ್‌ಶಿಪ್ 2023ರ ಸೆಪ್ಟೆಂಬರ್‌ನಲ್ಲಿ ಸುಮಾರು 4 ಕೋಟಿ ಡಾಲರ್ ಬಾಕಿ ಇದೆ ಅಂತ ಕರೆಂಟ್ ನಿಲ್ಲಿಸಿತು. ಏಳು ತಿಂಗಳ ನಂತರ ಲೈನಿನ ಸರದಿ. ಬೇಸಿಗೆಯ ಕೊನೆ, ಬುಂಬುನಾದಲ್ಲಿ ನೀರಿಲ್ಲ, ಹಡಗಿಗೆ ಬಾಕಿ, ಲೈನಿಗೂ ಬಾಕಿ. ಮೂರೂ ಒಟ್ಟಿಗೆ.

ಲೈನ್ ಕತ್ತರಿಸಿದ್ದು ಸರಿಯೇ?

ಸರಿ ಅಂತಲೇ ನನ್ನ ಅಭಿಪ್ರಾಯ. ಹೇಳುವಾಗ ನೋವಾಗುತ್ತದೆ, ಯಾಕಂದರೆ ಬೆಲೆ ತೆತ್ತವರು ಬಿಲ್ಲು ಸರಿಯಾಗಿ ಕಟ್ಟಿದ ಸಾಮಾನ್ಯ ಜನ. ಪ್ರೀಪೇಯ್ಡ್ ಮೀಟರಿಗೆ ಮೊದಲೇ ದುಡ್ಡು ಹಾಕಿದವರ ಮನೆಯೂ ಕತ್ತಲಾಯಿತು.

ಆದರೂ ಟ್ರಾನ್ಸ್‌ಕೋ ಸ್ಥಿತಿ ಯೋಚಿಸಿ. ಅದರ ಮಾಲೀಕರು ಯಾರು? ಆ ನಾಲ್ಕು ದೇಶಗಳ ವಿದ್ಯುತ್ ಸಂಸ್ಥೆಗಳೇ. ಅದಕ್ಕೆ ಬಾಕಿ ಉಳಿಸಿಕೊಂಡವರು ಯಾರು? ಅದೇ ದೇಶಗಳ ವಿದ್ಯುತ್ ಕ್ಷೇತ್ರವೇ. ಲೈನಿಗೆ ಸಾಲ ತಂದಿದ್ದೂ ಆ ಸರ್ಕಾರಗಳೇ, ಟ್ರಾನ್ಸ್‌ಕೋ ಆ ಕಂತನ್ನು ಸರ್ಕಾರಗಳಿಗೇ ತೀರಿಸಬೇಕು. ಬಾಕಿದಾರ, ಮಾಲೀಕ, ಸಾಲ ಕೊಟ್ಟವ ಎಲ್ಲ ಒಂದೇ ಕಡೆಯವರು. ಇಂಥ ಕಂಪನಿಗೆ ಸುಮ್ಮನಿರುವುದೇ ಸುಲಭ. ಬಾಕಿ ಬೆಳೆಯಲು ಬಿಟ್ಟು, ಇನ್ಸುಲೇಟರ್ ಬದಲಿಸಲು ದುಡ್ಡಿಲ್ಲದೆ ಹತ್ತು ವರ್ಷದಲ್ಲಿ ಲೈನ್ ಹಾಳಾಗಿಹೋಗುತ್ತಿತ್ತು. ಹಾಗಾಗದೆ ತನ್ನದೇ ಪಾಲುದಾರನ ಕರೆಂಟ್ ಕತ್ತರಿಸುವಷ್ಟು ಗಟ್ಟಿತನ ಅದಕ್ಕಿತ್ತು. ಐವರಿ ಕೋಸ್ಟ್ ಮೇಲೂ ಇದರ ಪರಿಣಾಮ ಇದೆ. ದುಡ್ಡು ಬರುತ್ತದೆ ಎಂಬ ನಂಬಿಕೆ ಹೋದರೆ ಅಬಿಜಾನ್‌ನವರು ಮುಂದಿನ ಅನಿಲ ಸ್ಥಾವರವನ್ನು ನೆರೆಯವರಿಗಾಗಿ ಯಾಕೆ ಕಟ್ಟುತ್ತಾರೆ?

ಇದನ್ನು ನೈಜರ್ ಜೊತೆ ಗೊಂದಲ ಮಾಡಿಕೊಳ್ಳಬಾರದು. 2023ರ ಜುಲೈನಲ್ಲಿ ಅಲ್ಲಿ ಸೈನಿಕ ದಂಗೆಯಾದ ಮೇಲೆ ಎಕೋವಾಸ್ ನಿರ್ಬಂಧದ ಭಾಗವಾಗಿ ನೈಜೀರಿಯಾ ಕರೆಂಟ್ ನಿಲ್ಲಿಸಿತು. ನೈಜರ್‌ನ ಸುಮಾರು ಶೇ. 70 ಕರೆಂಟ್ ಬರುತ್ತಿದ್ದದ್ದು ನೈಜೀರಿಯಾದಿಂದ. ಅದರ ರಾಜಧಾನಿ ನಿಯಾಮಿಯ ಆಸ್ಪತ್ರೆಗಳು, ನೀರಿನ ಪಂಪುಗಳು ಯಾವ ದಂಗೆಯನ್ನೂ ಮಾಡಿರಲಿಲ್ಲ. ಬಾಕಿಗೆ ಕತ್ತರಿಸುವುದು ವ್ಯಾಪಾರದ ನಿಯಮ. ರಾಜಕೀಯಕ್ಕೆ ಕತ್ತರಿಸಿದರೆ ನೆರೆಯವನ ಲೈನನ್ನು ಇನ್ನು ಯಾರೂ ನೆಚ್ಚುವುದಿಲ್ಲ, ಎಲ್ಲರೂ ದುಬಾರಿಯಾದರೂ ಸ್ವಂತ ಸ್ಥಾವರವೇ ಇರಲಿ ಅನ್ನುತ್ತಾರೆ. 2025ರ ಜನವರಿಯಲ್ಲಿ ನೈಜರ್, ಮಾಲಿ, ಬುರ್ಕಿನಾ ಫಾಸೊ ಎಕೋವಾಸ್‌ನಿಂದಲೇ ಹೊರಬಿದ್ದವು. ಪವರ್ ಪೂಲ್‌ಗೆ ಇದು ಸಣ್ಣ ಪೆಟ್ಟಲ್ಲ. ಆ ದೃಷ್ಟಿಯಿಂದ ನೋಡಿದರೆ, ಗಿನಿಯಲ್ಲಿ ಸೈನ್ಯದ ಆಳ್ವಿಕೆ ಇದ್ದ ವರ್ಷಗಳಲ್ಲೂ ಸಿಎಲ್‌ಎಸ್‌ಜಿ ಕೆಲಸ ಮುಂದುವರಿಯಿತು ಅನ್ನುವುದನ್ನು ಮೆಚ್ಚಬೇಕು.

ಎಲ್ಲಿ ತಪ್ಪಿತು

ದುಡ್ಡು ಕೊಟ್ಟವರ ಕ್ರಮದಲ್ಲಿ ತಪ್ಪಿತು ಅಂತ ನನಗನಿಸುತ್ತದೆ. ಅರ್ಧ ಬಿಲಿಯನ್ ಡಾಲರಿನ ಲೈನಿಗೆ ನಾಲ್ಕು ದೊಡ್ಡ ಬ್ಯಾಂಕುಗಳು ಒಟ್ಟಾಗಿ ಬಂದವು. ಫ್ರೀಟೌನ್, ಮನ್ರೋವಿಯಾದ ಬೀದಿಗಳಲ್ಲಿ ತಂತಿ ಬದಲಿಸಲು, ಮೀಟರ್ ಹಾಕಲು, ಒಂದೊಂದು ಫೀಡರಿನ (ಸಬ್‌ಸ್ಟೇಷನ್‌ನಿಂದ ಒಂದು ಬಡಾವಣೆಗೆ ಹೋಗುವ ಲೈನಿನ) ಲೆಕ್ಕ ಇಡಲು ಬಂದ ದುಡ್ಡು ಬೇರೆ ಬೇರೆ ಯೋಜನೆಗಳಲ್ಲಿ, ತುಂಡು ತುಂಡಾಗಿ, ತಡವಾಗಿ ಬಂತು. ಕಾರಣವೂ ಗೊತ್ತಿರುವುದೇ. ಲೈನ್ ಒಂದೇ ಯೋಜನೆ, ಒಂದೇ ಕಂಪನಿ, ಉದ್ಘಾಟನೆಗೆ ಅಧ್ಯಕ್ಷರು ಬರುತ್ತಾರೆ. ಮೀಟರ್ ಅನ್ನುವುದು ಲಕ್ಷ ಮನೆಗಳ ಬಾಗಿಲಿಗೆ ಹೋಗುವ ಕೆಲಸ. ಅಲ್ಲಿ ಸ್ಥಳೀಯ ಪುಢಾರಿ ಅಡ್ಡ ಬರುತ್ತಾನೆ, ಸರ್ಕಾರಿ ಕಚೇರಿಗಳೇ ಬಿಲ್ಲು ಕಟ್ಟುವುದಿಲ್ಲ, ತಂತಿ ಎಳೆದುಕೊಂಡವರು ಲೈನ್‌ಮನ್‌ಗೆ ಹೊಡೆಯಲು ಬರುತ್ತಾರೆ.

ವಿಶ್ವ ಬ್ಯಾಂಕ್ 2020ರಲ್ಲಿ ಈ ನಾಲ್ಕು ದೇಶಗಳ ಜೊತೆ ಬುರ್ಕಿನಾ, ಮಾಲಿಯನ್ನೂ ಸೇರಿಸಿ 30 ಕೋಟಿ ಡಾಲರಿನ ನೆರವು ಒಪ್ಪಿತ್ತು. ದೇಶಗಳ ನಡುವಿನ ಕರೆಂಟ್ ವ್ಯಾಪಾರದ ಅಡೆತಡೆ ತೆಗೆಯುವುದು ಅದರ ಉದ್ದೇಶ. ಅಂದರೆ ರೋಗ ಗೊತ್ತಿರಲಿಲ್ಲ ಅಂತಲ್ಲ. ಆದರೆ ಇಂಧನ ಸಚಿವಾಲಯ ಕಾಗದದಲ್ಲಿ ಸುಧಾರಣೆ ಮಾಡಿದ ಮಾತ್ರಕ್ಕೆ ಫ್ರೀಟೌನ್‌ನ ಒಂದು ಫೀಡರಿನ ಸೋರಿಕೆ ನಿಲ್ಲುವುದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಸೂಕ್ಷ್ಮ. ಲೈನ್ ಹಾದುಹೋಗುವ ಹಳ್ಳಿಗಳು. ತಲೆಯ ಮೇಲೆ 225 ಕೆವಿ ಹೋಗುತ್ತದೆ, ಮನೆಯಲ್ಲಿ ಕತ್ತಲೆ. ಆ ವೋಲ್ಟೇಜಿನಿಂದ ಒಂದು ಹಳ್ಳಿಗೆ ನೇರವಾಗಿ ಇಳಿಸಿಕೊಳ್ಳಲು ಆಗುವುದಿಲ್ಲ, ಸಬ್‌ಸ್ಟೇಷನ್‌ನಿಂದ 33 ಕೆವಿ ಲೈನ್ ಎಳೆದು ತರಬೇಕು, ಅದಕ್ಕೆ ಬೇರೆ ದುಡ್ಡು. ಸಬ್‌ಸ್ಟೇಷನ್ ಸುತ್ತಲಿನ ಹಳ್ಳಿಗಳಿಗೆ ಯೋಜನೆಗಳು ಬಂದಿವೆ, ಲೈನ್ ಮುಗಿದ ಮೇಲೆ ನಿಧಾನವಾಗಿ. ಇದು ನ್ಯಾಯದ ಪ್ರಶ್ನೆ ಮಾತ್ರವಲ್ಲ. ಟವರಿನ ಕಬ್ಬಿಣದ ಪಟ್ಟಿ ಬಿಚ್ಚಿಕೊಂಡು ಹೋಗುವವರನ್ನು 1,303 ಕಿಲೋಮೀಟರ್ ಉದ್ದಕ್ಕೂ ಪೊಲೀಸರು ಕಾಯಲಾರರು, ಕಾಯಬೇಕಾದವರು ಆ ಹಳ್ಳಿಯವರೇ. ತಮಗೆ ಒಂದು ಬಲ್ಬೂ ಕೊಡದ ಲೈನನ್ನು ಅವರು ಯಾಕೆ ಕಾಯಬೇಕು?

ಎರಡನೇ ಸರ್ಕ್ಯೂಟ್‌ನ ಪ್ರಶ್ನೆ

ಟವರುಗಳನ್ನು ಮೊದಲೇ ಎರಡು ಸರ್ಕ್ಯೂಟ್, ಅಂದರೆ ಎರಡು ಜೊತೆ ತಂತಿ, ಹೊರುವ ಹಾಗೆ ಕಟ್ಟಿದ್ದಾರೆ, ಮೊದಲಿಗೆ ಎಳೆದದ್ದು ಒಂದೇ. ಎರಡನೆಯದನ್ನು ಎಳೆಯಬೇಕು ಎಂಬ ಯೋಜನೆ ಈಗ ಮುಂದಿದೆ. ಲಿನ್‌ಸಾನ್‌ನಲ್ಲಿ ಗಿನಿ, ಸೆನೆಗಲ್, ಗ್ಯಾಂಬಿಯಾ, ಗಿನಿ ಬಿಸ್ಸೌ ಕಡೆಯ ಒಎಂವಿಜಿ ಲೈನ್ ಕೂಡ ಸೇರುವುದರಿಂದ, ಎರಡು ಸರ್ಕ್ಯೂಟ್ ಆದರೆ ಸೆನೆಗಲ್‌ನ ಡಾಕಾರ್‌ನಿಂದ ಅಬಿಜಾನ್‌ವರೆಗೆ ಕರೆಂಟ್ ಸಲೀಸಾಗಿ ಹರಿಯಬಲ್ಲದು. ಒಂದು ಸರ್ಕ್ಯೂಟ್ ಟ್ರಿಪ್ ಆದರೂ ಇನ್ನೊಂದು ಇರುತ್ತದೆ. ತಾಂತ್ರಿಕವಾಗಿ ಇದಕ್ಕೆ ನನ್ನ ತಕರಾರಿಲ್ಲ.

ತಕರಾರು ಷರತ್ತಿನ ಬಗ್ಗೆ. ಎರಡನೇ ಸರ್ಕ್ಯೂಟ್‌ಗೆ ಸಾಲ ಕೊಡುವಾಗ ಬ್ಯಾಂಕುಗಳು ಅದೇ ಒಪ್ಪಂದದಲ್ಲಿ ಫ್ರೀಟೌನ್ ಮತ್ತು ಮನ್ರೋವಿಯಾದ ವಿತರಣೆಗೂ ದುಡ್ಡು ಸೇರಿಸಬೇಕು, ಪ್ರತಿ ಫೀಡರಿಗೆ ಮೀಟರ್, ಪ್ರತಿ ಗಿರಾಕಿಗೆ ಪ್ರೀಪೇಯ್ಡ್ ಮೀಟರ್. ಸಚಿವಾಲಯಗಳು ಮತ್ತು ಸೈನ್ಯದ ಕಚೇರಿಗಳಿಂದಲೇ ಶುರುವಾಗಲಿ, ಏಕೆಂದರೆ ಸರ್ಕಾರ ತಾನೇ ಕಟ್ಟದೆ ಅಂಗಡಿಯವರನ್ನು ಕೇಳಲು ಮುಖ ಇರುವುದಿಲ್ಲ. ಹೀಗೆ ವಸೂಲಾದ ದುಡ್ಡಿನಲ್ಲಿ ಲೈನಿನ ಮತ್ತು ಐವರಿ ಕೋಸ್ಟ್‌ನ ಬಿಲ್ಲಿನ ಪಾಲು ಮೊದಲೇ ಬೇರೆ ಖಾತೆಗೆ ಹೋಗಿಬಿಡಬೇಕು, ಸಚಿವಾಲಯದ ಕೈಗೆ ಸಿಗುವ ಮುಂಚೆಯೇ. ಲಿಯೋನ್ ಬಿದ್ದಾಗ ಬರುವ ನಷ್ಟವನ್ನು ವಿತರಣಾ ಸಂಸ್ಥೆಯ ತಲೆಗೆ ಕಟ್ಟದೆ ಖಜಾನೆಯೇ ಹೊರಬೇಕು ಅಂತ ಮೊದಲೇ ಬರೆದಿಡಬೇಕು, ಆ ನಷ್ಟ ಹೇಗೂ ಕೊನೆಗೆ ಖಜಾನೆಗೇ ಬರುತ್ತದೆ, 2024ರಲ್ಲಿ ಬಂದ ಹಾಗೆ. ಒಂದೇ ವ್ಯತ್ಯಾಸ, ಆಗ ಅದು ಊರೆಲ್ಲ ಕತ್ತಲಾದ ಮೇಲೆ ಬಂತು.

ಇಷ್ಟು ಮಾಡದೆ ಎರಡನೇ ತಂತಿ ಎಳೆದರೆ ಹರಿಯುವ ಕರೆಂಟ್ ಎರಡರಷ್ಟಾಗಬಹುದು, ಬಾಕಿಯೂ ಎರಡರಷ್ಟಾಗುತ್ತದೆ. ಆ ಬಾಕಿ ಮುಂದಿನ ಬೇಸಿಗೆಯ ಏಪ್ರಿಲ್‌ನಲ್ಲಿ ಫ್ರೀಟೌನ್‌ನಲ್ಲಿ ಕಾಣಿಸುತ್ತದೋ, ಮನ್ರೋವಿಯಾದಲ್ಲೋ ಅನ್ನುವುದಷ್ಟೇ ಪ್ರಶ್ನೆ.